ಕಿವಿಯ ಸಾಕ್ಷಿ

ಕನ್ನಡದಲ್ಲಿ 'ಪ್ರಮಾಣ' ಎಂಬ ಮಾತನ್ನು ನಾವು ಮೂರು ಅರ್ಥಗಳಲ್ಲಿ ಬಳಸುತ್ತೇವೆ. ಅಳತೆ ಎಂಬುದು ಒಂದು. ತಿಳಿವಿಗೆ ಆಧಾರವಾದದ್ದು ಎಂಬುದು ಇನ್ನೊಂದು. ದೇವರ ಮುಂದೆಯೋ ನ್ಯಾಯಾಧೀಶರ ಮುಂದೆಯೋ ಇಡುವ ಆಣೆ ಎಂಬುದು ಮತ್ತೊಂದು. ಆಣೆಯಿಡುವವನ ಮನಸ್ಸು ಶುದ್ಧವಾಗಿರಬಹುದು. ಆದರೂ ಅವನು ಹೇಳಿದ್ದು ನಿಜವಾಗಿರದೆ ಹೋಗಬಹುದು. ಹೀಗೆ ಮೂರನೆಯ ಪ್ರಮಾಣ ಸಿಕ್ಕಿಯೂ ಎರಡನೆಯದು ಸಿಗದ ಸಂದರ್ಭಗಳು ಬಾಳಿನಲ್ಲಿ ಬರುತ್ತಲೇ ಇರುತ್ತವೆ. ಆಗ ಕೇಳುವವರ ಕರ್ತವ್ಯವೇನು? "ನಾನು ಕಿವಿಯಾರೆ ಕೇಳಿದೆ" ಎನ್ನುವವನನ್ನು ಸಂಶಯಿಸಿದರೆ ಅವನನ್ನು ಸುಳ್ಳುಗಾರನೆಂದು ಕರೆದಂತಾಗುತ್ತದೆಯೆ? ಸಂಶಯಿಸದೆ ಒಪ್ಪಿಕೊಂಡರೆ ಸತ್ಯಕ್ಕೆ ನ್ಯಾಯ ಸಲ್ಲಿಸಿದಂತಾಗುತ್ತದೆಯೆ?

ದೊಡ್ಡ ಪ್ರಶ್ನೆಯನ್ನು ದೊಡ್ಡ ಉದಾಹರಣೆಯಿಂದಲೇ ಚರ್ಚಿಸಬೇಕೆಂಬ ನಿಯಮವಿಲ್ಲ. ಚಿಕ್ಕ ಉದಾಹರಣೆಯಲ್ಲಿ ಕೋಪತಾಪಗಳು ಕಡಿಮೆ. ಆದ್ದರಿಂದ ವಿಚಾರಕ್ಕೆ ಅನುಕೂಲ ಹೆಚ್ಚು. ಮನೆಯಲ್ಲಿ ಕುಳಿತು ಸಂಗೀತ ಕೇಳುವ ಸಲಕರಣೆಗಳನ್ನೇ ತೆಗೆದುಕೊಳ್ಳೋಣ. ವಾಲ್ವುಗಳ ಕಾಲ ಮುಗಿಯಿತೆಂದು ಲೋಕ ಭಾವಿಸಿದ್ದರೂ ವಾಲ್ವಿನ ಆಂಪ್ಲಿಫೈಯರನ್ನು ಆಸೆಪಟ್ಟು ಕೊಂಡು ತಂದು, ಕತ್ತಲಾದ ಮೇಲೆ ಅದರ ಕೆಂಡದಂಥ ಬೆಳಕಿನ ಮುಂದೆ ಕುಳಿತು ಹಾಡು ಕೇಳುವ ರಸಿಕರು ಇಂದಿಗೂ ಇದ್ದಾರೆ. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಯಜಮಾನರಾದ ರಾಯರು ಆಂಪ್ಲಿಫೈಯರಿನ ಕೆಳಗೆ ಮೂರು ಲೋಹದ ಗೊಟ್ಟಗಳನ್ನು ಇಟ್ಟಿದ್ದಾರೆ. ನೆಲದ ಅದಿರಾಟ ಯಂತ್ರಕ್ಕೆ ತಾಗದಿರಲೆಂದು ಈ ಏರ್ಪಾಡು. ಬೆಲೆ ಸ್ವಲ್ಪವೇನಲ್ಲ. ಅಂದಿನಿಂದ ಹಾಡುವವರ ಮುಂದಿದ್ದ ಪರದೆ ಸರಿದಂತಾಗಿದೆ ಎಂದು ಅವರ ಹೇಳಿಕೆ. ಎಂಜಿನಿಯರಾದ ಅವರ ಭಾವಮೈದುನ ನಗುತ್ತಾನೆ.

"ಭಾವ, ಇದೆಲ್ಲ ನಿಮ್ಮ ಭ್ರಮೆ."

"ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇನಪ್ಪ?"

ಮಾತು ಅಲ್ಲಿಗೆ ನಿಂತುಹೋಗುತ್ತದೆ. ಒಳಗಿನಿಂದ ಕಾಫಿ ಬರುತ್ತದೆ, ಇಬ್ಬರೂ ಕುಡಿಯುತ್ತಾರೆ, ಆದರೆ ಮನಸ್ಸಿನಲ್ಲಿ ಒಂದು ಗೀರು ಉಳಿಯುತ್ತದೆ. ಈ ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು ಎಂಬುದು ನನ್ನ ಅಭಿಪ್ರಾಯ.

ಮೊದಲು ರಾಯರ ಪರವಾಗಿ ಹೇಳಬಹುದಾದದ್ದನ್ನು ಹೇಳೋಣ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮೊದಲ ವಾಲ್ವನ್ನು ಮಾಡಿದನು. ಕೆಲವೇ ವರ್ಷಗಳಲ್ಲಿ ಅಮೆರಿಕದ ಡಿ ಫಾರೆಸ್ಟ್ ಅದರೊಳಗೆ ಗ್ರಿಡ್ ಎಂಬ ತಂತಿಯ ಜಾಲರಿಯೊಂದನ್ನು ಸೇರಿಸಿದನು. ಗಾಜಿನ ಬುರುಡೆಯೊಳಗೆ ಗಾಳಿಯಿಲ್ಲ. ನಡುವೆ ಕಾದ ಕ್ಯಾಥೋಡು. ಅದನ್ನು ಸುತ್ತಿ ಗ್ರಿಡ್ಡು. ಅದರಾಚೆ ಆನೋಡೆಂಬ ಲೋಹದ ತಗಡು. ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಗ್ರಿಡ್ಡಿನ ಸಂದಿಗಳಲ್ಲಿ ನುಸುಳಿ ತಗಡನ್ನು ಸೇರಬೇಕು. ಗ್ರಿಡ್ಡಿನ ಮೇಲಿನ ವಿದ್ಯುದೊತ್ತಡ ಒಂದಿಷ್ಟು ಏರಿಳಿದರೆ ಈ ಪ್ರವಾಹ ಬಹಳವಾಗಿ ಏರಿಳಿಯುತ್ತದೆ. ಸಣ್ಣ ದನಿ ದೊಡ್ಡದಾಗುವುದು ಹೀಗೆ.

ಆದರೆ ಪ್ರವಾಹವನ್ನು ಬದಲಾಯಿಸಲು ವಿದ್ಯುದೊತ್ತಡವೇ ಬೇಕೆಂದಿಲ್ಲ. ಗ್ರಿಡ್ಡು ಇದ್ದ ಜಾಗದಿಂದ ಅಲುಗಿದರೂ ಸಾಕು. ಕ್ಯಾಥೋಡಿಗೂ ಗ್ರಿಡ್ಡಿಗೂ ನಡುವಣ ಅಂತರ ಒಂದು ಮಿಲಿಮೀಟರಿಗಿಂತ ಬಹಳ ಕಡಿಮೆ. ಹೊರಗಿನಿಂದ ಬಂದ ಅದಿರಾಟ ಈ ಅಂತರವನ್ನು ಎಷ್ಟು ಅಲ್ಪವಾಗಿ ಬದಲಾಯಿಸಿದರೂ ತಗಡಿಗೆ ಹರಿಯುವ ಪ್ರವಾಹ ಬದಲಾಗುತ್ತದೆ. ಅದಿರಾಟವೇ ಶಬ್ದವಾಗಿ ಹೊರಬರುತ್ತದೆ. ಅಂದರೆ ವಾಲ್ವು ತಾನೇ ಒಂದು ಮೈಕ್ರೋಫೋನಾಗುತ್ತದೆ. ವೃತ್ತಿಯವರು ಇದಕ್ಕೆ ಮೈಕ್ರೊಫೋನಿ ಎಂದೇ ಹೆಸರಿಟ್ಟಿದ್ದಾರೆ. ಹಾಡು ನಿಲ್ಲಿಸಿ, ದನಿಯ ತಿರುಗಣೆಯನ್ನು ಏರಿಸಿ, ಸೀಸದಕಡ್ಡಿಯ ತುದಿಯಿಂದ ವಾಲ್ವಿನ ಗಾಜನ್ನು ಮೆಲ್ಲಗೆ ತಟ್ಟಿದರೆ ಸ್ಪೀಕರಿನಲ್ಲಿ 'ಠಣ್' ಎಂದೀತು. ಮೊದಲ ಹಂತದ ವಾಲ್ವಿನಲ್ಲಿ ಈ ದೋಷ ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಅಲ್ಲಿ ಸೇರಿದ್ದನ್ನು ಮುಂದಿನ ಹಂತಗಳೆಲ್ಲ ಹಾಡಿನೊಂದಿಗೇ ಹಿಗ್ಗಿಸುತ್ತವೆ. ಮೊದಲ ಹಂತಕ್ಕೆ ಬಹಳವಾಗಿ ಬಳಕೆಯಾದ ಇಸಿಸಿ83 ಎಂಬ ವಾಲ್ವಿನ ವರ್ಧನಾಂಕವೇ 100. ಇನ್ನು ಸ್ಪೀಕರನ್ನೂ ಆಂಪ್ಲಿಫೈಯರನ್ನೂ ಒಂದೇ ಹಲಗೆಯ ಮೇಲಿಟ್ಟರೆ ಸ್ಪೀಕರಿನ ಅದಿರಾಟ ಹಲಗೆಯ ಮೂಲಕ ವಾಲ್ವಿಗೆ, ವಾಲ್ವಿನಿಂದ ಮತ್ತೆ ಸ್ಪೀಕರಿಗೆ ಸುತ್ತಿ ಬೆಳೆದು ಕೊನೆಗೆ ಯಂತ್ರ ಊಳಿಡುವುದೂ ಉಂಟು. ತನ್ನ ದನಿಯನ್ನೇ ಕೇಳುತ್ತ ಕೂಗುವವನು ಬೇರೇನನ್ನೂ ಕೇಳಲಾರ.

ಇದು ರಸಿಕರ ಕಲ್ಪನೆಯಲ್ಲವೆಂಬುದಕ್ಕೆ ಕಾರ್ಖಾನೆಗಳವರ ಶ್ರಮವೇ ಸಾಕ್ಷಿ. ಫಿಲಿಪ್ಸ್ ಮತ್ತು ಅದರ ಬಳಗದ ಮಲ್ಲಾರ್ಡ್ ಕಂಪೆನಿಗಳು 1950ರ ದಶಕದಲ್ಲಿ ತಯಾರಿಸಿದ ಇಎಫ್86 ಎಂಬ ವಾಲ್ವಿನಲ್ಲಿ ಒಳಗಿನ ಭಾಗಗಳನ್ನು ಅಲುಗಾಡದಂತೆ ಬಿಗಿದು ಕಟ್ಟಿದ್ದರು. ಮನೆಯ ಆಂಪ್ಲಿಫೈಯರಿನಲ್ಲಿ ಅದು ಒಳ್ಳೆಯ ಹೆಸರು ಗಳಿಸಿತು. ಅದೇ ವಾಲ್ವನ್ನು ಇಂಗ್ಲೆಂಡಿನ ವಾಕ್ಸ್ ಕಂಪೆನಿ ಗಿಟಾರಿನ ಆಂಪ್ಲಿಫೈಯರಿಗೆ ಬಳಸಿತು. ಅಲ್ಲಿ ಸ್ಪೀಕರೂ ವಾಲ್ವೂ ಒಂದೇ ಪೆಟ್ಟಿಗೆಯಲ್ಲಿ. ಅಷ್ಟು ಅದಿರಾಟವನ್ನು ಅದು ತಡೆಯಲಾರದೆ ಹೋಯಿತು. 1960ರ ಸುಮಾರಿಗೆ ಅದರ ಜಾಗದಲ್ಲಿ ಇಸಿಸಿ83 ಬಂದಿತು. ಸಾಧುವಾದ ವಾಲ್ವೂ ಸಹವಾಸದಿಂದ ಕೆಟ್ಟಿತೆನ್ನಬೇಕು. ಮರುವರ್ಷ, 1961ರಲ್ಲಿ, ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಆ ಕಾಲದ ರೇಡಿಯೋಗಳನ್ನು ಕಂಡವರಿಗೆ ಮೇಜಿಗೆ ಕೈ ತಾಗಿದೊಡನೆ 'ಕೊಯ್' ಎನ್ನುವ ಪೆಟ್ಟಿಗೆಗಳ ನೆನಪು ಇದ್ದೀತು.

ಕಂಪನದೊಡನೆ ವಾಲ್ವು ನಡೆಸಿದ ಹೋರಾಟದಲ್ಲಿ ಎಲ್ಲಕ್ಕಿಂತ ಕಠಿನವಾದದ್ದು ಸಂಗೀತಕ್ಕೆ ಸಂಬಂಧಿಸಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮರ್ಲ್ ಟೂವ್ ಎಂಬ ಭೌತವಿಜ್ಞಾನಿಯ ತಂಡ, ಶತ್ರುವಿಮಾನದ ಸಮೀಪಕ್ಕೆ ಹೋದೊಡನೆ ತಾನೇ ಸಿಡಿಯುವ ಫಿರಂಗಿ ಗುಂಡನ್ನು ರೂಪಿಸಿತು. ಗುಂಡಿನ ಮೂತಿಯೊಳಗೆ ಒಂದು ಪುಟ್ಟ ರೇಡಿಯೋ. ಅದಕ್ಕೆ ಆಧಾರವಾದವು ಕಿವುಡರ ಶ್ರವಣಯಂತ್ರಕ್ಕೆಂದು ಮಾಡಿದ್ದ ಕಿರಿಯ ವಾಲ್ವುಗಳು. ಫಿರಂಗಿಯಿಂದ ಹಾರುವಾಗ ಅವು ಭೂಮಿಯ ಸೆಳೆತದ ಸುಮಾರು 20,000 ಪಟ್ಟು ಹೊಡೆತವನ್ನು ತಾಳಿಕೊಳ್ಳಬೇಕಾಗಿತ್ತು. ಹಾರುತ್ತಿರುವಾಗ ಗುಂಡಿನ ಅದಿರಾಟವನ್ನೇ ಶತ್ರುವೆಂದು ಭ್ರಮಿಸಿ ನಡುದಾರಿಯಲ್ಲಿ ಸಿಡಿಯಬಾರದಾಗಿತ್ತು. ವಾಲ್ವುಗಳನ್ನು ಆಕಾಶಕ್ಕೆ ನೇರವಾಗಿ ಹಾರಿಸಿ, ಬಿದ್ದಲ್ಲಿ ನೆಲ ಅಗೆದು ತೆಗೆದು, ಬದುಕಿವೆಯೋ ಸತ್ತಿವೆಯೋ ಎಂದು ನೋಡುತ್ತಿದ್ದರು. 1943ರ ಜನವರಿಯಲ್ಲಿ ಹೆಲೆನಾ ಎಂಬ ಯುದ್ಧನೌಕೆಯಿಂದ ಈ ಗುಂಡು ಮೊದಲು ರಣದಲ್ಲಿ ಬಳಕೆಯಾಯಿತು. ಕೇಳಿಸದವರಿಗೆ ಕೇಳಿಸಲೆಂದು ಹುಟ್ಟಿದ ವಸ್ತು ಕೊಲ್ಲುವ ಕೆಲಸಕ್ಕೆ ಹೋದದ್ದು ಮನುಷ್ಯನ ಚರಿತ್ರೆಯ ವಿಷಾದಗಳಲ್ಲಿ ಒಂದು. ನಮ್ಮ ಪ್ರಶ್ನೆಗೆ ಸಂಬಂಧಿಸಿದ ಮಾತು ಇಷ್ಟು: ಆ ವಿಜ್ಞಾನಿಗಳಿಗೆ "ಈ ವಾಲ್ವು ಉತ್ತಮವೆಂದು ನನಗೆ ತೋರುತ್ತದೆ" ಎನ್ನುವ ಸ್ವಾತಂತ್ರ್ಯವಿರಲಿಲ್ಲ. ನೆಲದಿಂದ ಅಗೆದು ತೆಗೆದ ವಾಲ್ವೇ ಉತ್ತರ ಹೇಳುತ್ತಿತ್ತು.

ಗ್ರಾಮಫೋನಿನ ವಿಷಯದಲ್ಲಿ ರಾಯರ ಪಕ್ಷ ಇನ್ನೂ ಬಲವಾದದ್ದು. ಮುಳ್ಳಿನ ಕೆಲಸವೇ ಅದಿರಾಟವನ್ನು ಹಿಡಿಯುವುದು. ಪ್ಲೇಟಿನ ಗೆರೆಯಲ್ಲಿರುವ ಅತಿ ಮೆಲುದನಿಯ ಓಲಾಟ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು. ಗಾಯಕನಿಂದ ಬಂದ ಓಲಾಟ ಯಾವುದು, ಹಜಾರದಲ್ಲಿ ಓಡಿದ ಮಗುವಿನ ಹೆಜ್ಜೆಯಿಂದ ಬಂದದ್ದು ಯಾವುದು ಎಂದು ಮುಳ್ಳಿಗೆ ತಿಳಿಯದು. 1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ತಿರುಗುವ ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಂದೇ ಚೌಕಟ್ಟಿಗೆ ಕಟ್ಟಿ, ಆ ಚೌಕಟ್ಟನ್ನು ಸ್ಪ್ರಿಂಗುಗಳ ಮೇಲೆ ನಿಲ್ಲಿಸಿದ ಗ್ರಾಮಫೋನೊಂದನ್ನು ಮಾರಾಟಕ್ಕೆ ತಂದನು. ಅದರ ಉಪಯೋಗವನ್ನು ತಿಳಿಯಲು ಸೂಕ್ಷ್ಮವಾದ ಕಿವಿ ಬೇಕಾಗಿರಲಿಲ್ಲ. ಪೆಟ್ಟಿಗೆಯನ್ನು ಗುದ್ದಿದರೂ ಮುಳ್ಳು ಹಾರದಿದ್ದುದನ್ನು ಯಾರಾದರೂ ಕಾಣಬಹುದಾಗಿತ್ತು.

ಇನ್ನು ಭಾವಮೈದುನನ ಪಕ್ಷ. ಟ್ರಾನ್ಸಿಸ್ಟರು ಗಟ್ಟಿ ಪದಾರ್ಥದ ಒಂದು ಚೂರು. ಅದರೊಳಗೆ ತೂಗಾಡುವ ಜಾಲರಿಯಿಲ್ಲ. ಮನೆಯ ನೆಲದ ಅದಿರಾಟ ಅದರ ದನಿಯನ್ನು ಕಿವಿಗೆ ತಿಳಿಯುವಷ್ಟು ಕೆಡಿಸುವುದೆಂದು ನಂಬಲು ಆಧಾರ ಸಾಲದು. 1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸಂಗೀತ ಅಂಕೆಗಳ ರೂಪದಲ್ಲಿದೆ. ಓದುವಾಗಿನ ಸಣ್ಣ ತಪ್ಪುಗಳನ್ನು ಯಂತ್ರ ಲೆಕ್ಕಹಾಕಿ ತಿದ್ದಿಕೊಳ್ಳುತ್ತದೆ. ತಿದ್ದಲಾರದಷ್ಟು ಹೊಡೆತ ಬಿದ್ದರೆ ಹಾಡು ತಡವರಿಸಿ ಹಾರುತ್ತದೆ, ಅದು ಎಲ್ಲರಿಗೂ ಕೇಳಿಸುತ್ತದೆ. 'ಸ್ವಲ್ಪ ಮಂಕಾಯಿತು, ಸ್ವಲ್ಪ ತಿಳಿಯಾಯಿತು' ಎಂಬ ನಡುಸ್ಥಿತಿಗೆ ಅಲ್ಲಿ ಹೆಚ್ಚು ಎಡೆಯಿಲ್ಲ. ಆದರೂ ಇವುಗಳ ಕೆಳಗೆ ಇಡಲಿಕ್ಕೆಂದೇ ಗೊಟ್ಟಗಳೂ ಕಲ್ಲುಚಪ್ಪಡಿಗಳೂ ಮಾರಾಟವಾಗುತ್ತವೆ. ತಂತಿ ನೆಲಕ್ಕೆ ತಾಗದಿರಲೆಂದು ಎತ್ತಿ ನಿಲ್ಲಿಸುವ ಆಸರೆಗಳೂ ಉಂಟು. ಗ್ರಾಮಫೋನಿನ ಮುಳ್ಳಿನ ವಿಷಯದಲ್ಲಿ ದಿಟವಾದದ್ದು ಇಲ್ಲಿ ಇನ್ನೊಬ್ಬರ ಸಾಲಕ್ಕೆ ಜಾಮೀನಾಗಿ ನಿಲ್ಲುತ್ತದೆ. ಹಸಿ ಸುಳ್ಳು ಹೆಚ್ಚು ಕಾಲ ಬಾಳುವುದಿಲ್ಲ. ಅಳತೆ ತಪ್ಪಿದ ಸತ್ಯ ಬಹುಕಾಲ ಬಾಳುತ್ತದೆ. 'ಕಂಪನದಿಂದ ತೊಂದರೆ ಇದೆಯೋ ಇಲ್ಲವೋ' ಎಂದು ಕೇಳಿದರೆ ಉತ್ತರ 'ಇದೆ' ಎಂದೇ. ಕೇಳಬೇಕಾದ ಪ್ರಶ್ನೆ 'ಎಲ್ಲಿ, ಎಷ್ಟು?' ಎಂಬುದು. ಪ್ರಮಾಣದ ಮೊದಲನೆಯ ಅರ್ಥವನ್ನು ಮರೆತವರಿಗೆ ಎರಡನೆಯದು ದಕ್ಕುವುದಿಲ್ಲ.

"ಎಷ್ಟೆಂದು ಅಳೆಯುವುದೇಕೆ? ನನ್ನ ಕಿವಿಗೆ ಕೇಳಿಸುತ್ತಿದೆಯಲ್ಲ!" ಎಂದು ರಾಯರು ಹೇಳಬಹುದು. ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣ ಯಾವುದು? ನಮ್ಮ ನೈಯಾಯಿಕರೂ ಪ್ರತ್ಯಕ್ಷಕ್ಕೇ ಮೊದಲ ಮಣೆ ಹಾಕಿದರು. ಆದರೆ ಇಂದ್ರಿಯಕ್ಕೂ ವಸ್ತುವಿಗೂ ಸಂಬಂಧವಾದೊಡನೆ ಹುಟ್ಟುವುದೆಲ್ಲ ಪ್ರಮಾಣವೆಂದು ಅವರು ಹೇಳಲಿಲ್ಲ. ಅದು ಅವ್ಯಭಿಚಾರಿಯಾಗಿರಬೇಕು, ಎಂದರೆ ದಾರಿ ತಪ್ಪದೆ ಇರಬೇಕು ಎಂದು ಕಟ್ಟುಮಾಡಿದರು. ಬಿಸಿಲ್ಗುದುರೆಯನ್ನು ನೀರೆಂದು ಕಂಡವನ ಕಣ್ಣು ಸುಳ್ಳು ಹೇಳಿದ್ದಲ್ಲ. ಅವನೂ ಸುಳ್ಳು ಹೇಳುತ್ತಿಲ್ಲ. ಆದರೂ ಅಲ್ಲಿ ನೀರಿಲ್ಲ.

ಕಿವಿಯೂ ಹಾಗೆಯೇ. ಅದು ಒಂಟಿಯಾಗಿ ಕೇಳುವುದಿಲ್ಲ. ಕೊಟ್ಟ ಹಣ, ಪಟ್ಟ ಶ್ರಮ, ಓದಿದ ಹೊಗಳಿಕೆ, ಹೊಸತರ ಸಂಭ್ರಮ, ಇವೆಲ್ಲ ಅದರೊಡನೆ ಕುಳಿತು ಕೇಳುತ್ತವೆ. ದನಿ ಒಂದಿನಿತು ಜೋರಾದರೆ 'ಜೋರಾಯಿತು' ಎನ್ನುವ ಬದಲು 'ಚೆನ್ನಾಯಿತು' ಎಂದೇ ತೋರುತ್ತದೆ. ಗೊಟ್ಟಗಳನ್ನು ಇಡಲು ಆಂಪ್ಲಿಫೈಯರನ್ನು ಎತ್ತಬೇಕು; ಎತ್ತಲು ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಬೇಕು. ಆಗ ಕೂಡುವೆಡೆಯ ಕಿಲುಬು ಉಜ್ಜಿಹೋಗಿ ದನಿ ನಿಜವಾಗಿಯೇ ತಿಳಿಯಾದರೂ ಆದೀತು. ಕೀರ್ತಿ ಗೊಟ್ಟಕ್ಕೆ ಹೋಗುತ್ತದೆ!

ಹಾಗಾದರೆ ಕಣ್ಣುಮುಚ್ಚಿ ಕೇಳಿದರೆ ಸಾಕೆ? ಅದೂ ಸಾಲದು. 1915ರಿಂದ 1925ರವರೆಗೆ ಎಡಿಸನ್ನನ ಕಂಪೆನಿ ಅಮೆರಿಕದ ಊರೂರುಗಳಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗ್ರಾಮಫೋನು. ಪಕ್ಕದಲ್ಲಿ ಅದೇ ಪ್ಲೇಟಿನಲ್ಲಿ ಹಾಡಿದ ಗಾಯಕಿ. ದೀಪ ಆರಿಸುತ್ತಿದ್ದರು. ಹಾಡುತ್ತಿರುವುದು ಯಂತ್ರವೋ ಮನುಷ್ಯರೋ ತಿಳಿಯಲಿಲ್ಲವೆಂದು ಸಭಿಕರು ಬೆರಗಾದರು. ಇಂದು ಆ ಪ್ಲೇಟುಗಳನ್ನು ಕೇಳಿದವರಿಗೆ ಇದನ್ನು ನಂಬುವುದೇ ಕಷ್ಟ. ಅವರಲ್ಲಿ ಒಬ್ಬರಾದ ಆನಾ ಕೇಸ್ ಎಂಬ ಗಾಯಕಿ, ಯಂತ್ರದ ದನಿಗೆ ಹೊಂದುವಂತೆ ತಮ್ಮ ದನಿಯನ್ನೇ ಹದಗೊಳಿಸಿಕೊಳ್ಳುತ್ತಿದ್ದುದಾಗಿ ಮುಂದೆ ಹೇಳಿದ್ದುಂಟು. ಇಲ್ಲದ ವ್ಯತ್ಯಾಸ ಕೇಳಿಸುವಂತೆ ಇರುವ ವ್ಯತ್ಯಾಸ ಕೇಳಿಸದಿರುವುದೂ ಸಾಧ್ಯ. ಕತ್ತಲೆಯೊಂದೇ ಪರೀಕ್ಷೆಯಾಗಲಾರದು, ಪರೀಕ್ಷೆಯನ್ನು ಏರ್ಪಡಿಸುವವನಿಗೂ ಫಲದಲ್ಲಿ ಆಸೆಯಿರಬಾರದು.

1950ರಲ್ಲಿ ಬೆಲ್ ಪ್ರಯೋಗಶಾಲೆಯ ಮನ್ಸನ್ ಮತ್ತು ಗಾರ್ಡ್ನರ್ ಎಂಬಿಬ್ಬರು ಒಂದು ಸರಳ ಕ್ರಮವನ್ನು ಪ್ರಕಟಿಸಿದರು. ಮೊದಲು 'ಎ' ಎಂಬ ದನಿ, ಬಳಿಕ 'ಬಿ' ಎಂಬ ದನಿ. ಕೊನೆಗೆ ಅವೆರಡರಲ್ಲಿ ಯಾವುದೋ ಒಂದನ್ನು 'ಎಕ್ಸ್' ಎಂದು ಕೇಳಿಸುವುದು. ಅದು ಎಯೋ ಬಿಯೋ ಎಂದು ಕೇಳುಗ ಹೇಳಬೇಕು. ನಮ್ಮ ರಾಯರು ಇದನ್ನು ಹದಿನಾರು ಸಲ ಮಾಡಲಿ. ಗೊಟ್ಟವಿದ್ದಾಗಲೂ ಇಲ್ಲದಾಗಲೂ ಆಂಪ್ಲಿಫೈಯರಿನಿಂದ ಹೊರಡುವುದನ್ನು ಮುದ್ರಿಸಿಕೊಂಡು, ಎರಡರ ದನಿಮಟ್ಟವನ್ನು ಸಮಮಾಡಿ ಕೇಳಿಸಿದರೆ ಯಂತ್ರವನ್ನು ಮತ್ತೆ ಮತ್ತೆ ಎತ್ತಿಡುವ ಕಷ್ಟವೂ ಇಲ್ಲ. ಸುಮ್ಮನೆ ಊಹಿಸುವವನಿಗೆ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಸಲ ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ರಾಯರಿಗೆ ಅಷ್ಟು ಸರಿಬಂದರೆ ಭಾವಮೈದುನ ತಲೆಬಾಗಬೇಕು. ಬಾರದಿದ್ದರೆ? ಲೋಕದಲ್ಲಿ ಯಾರಿಗೂ ಕೇಳಿಸದೆಂದು ಸಿದ್ಧವಾಗಲಿಲ್ಲ. ತಮಗೆ ಕೇಳಿಸಿತೆಂಬುದಕ್ಕೆ ಆಧಾರ ಸಿಗಲಿಲ್ಲವೆಂದು ರಾಯರು ಒಪ್ಪಬೇಕು, ಅಷ್ಟೆ. ಫಲ ಏನೇ ಬರಲಿ ಒಪ್ಪುತ್ತೇವೆಂದು ಇಬ್ಬರೂ ಮೊದಲೇ ಮಾತು ಕೊಡಬೇಕು. ಪ್ರಮಾಣದ ಮೂರನೆಯ ಅರ್ಥಕ್ಕೆ ಇಲ್ಲಿ ತಕ್ಕ ಜಾಗ ಉಂಟು: ಕೇಳಿದ್ದರ ಬಗ್ಗೆ ಆಣೆಯಿಡುವುದಕ್ಕಿಂತ ಪರೀಕ್ಷೆಗೆ ಬದ್ಧನಾಗುತ್ತೇನೆಂದು ಆಣೆಯಿಡುವುದು ಮೇಲು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಸಂಗೀತ ಕೇಳುವುದು ಸಂತೋಷಕ್ಕೆ. ಅದನ್ನು ಕಟಕಟೆಗೆ ಏರಿಸುವುದು ಅರಸಿಕತನವಲ್ಲವೆ? ರಾಯರು ಸುಖವಾಗಿದ್ದರೆ ಯಾರ ಗಂಟು ಹೋಯಿತು? ಇದು ತಳ್ಳಿಹಾಕುವ ಮಾತಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆ ಸಿಕ್ಕಿಸುತ್ತೇವೆ. ತಂತಿ ಅದಕ್ಕೆ ಸವರಿ ಝೇಂಕರಿಸುತ್ತದೆ. ಯಂತ್ರದಲ್ಲಾದರೆ ದೋಷವೆನ್ನಬಹುದಾದ ಆ ಝೇಂಕಾರಕ್ಕೆ ನಮ್ಮವರು ಜೀವದ ಹೆಸರನ್ನೇ ಕೊಟ್ಟಿದ್ದಾರೆ. ವಾಲ್ವು ತನ್ನದಾಗಿ ಸೇರಿಸುವ ಒಂದಿಷ್ಟು ಅನುರಣನ ಒಬ್ಬರಿಗೆ ಹಿತವಾದರೆ ಬೇಡವೆನ್ನಲು ನಾವು ಯಾರು? "ನನಗೆ ಹಿತವಾಯಿತು" ಎಂಬ ಮಾತಿಗೆ ಪರೀಕ್ಷೆಯೇ ಇಲ್ಲ. ಹೇಳಿದ್ದೇ ಅದಕ್ಕೆ ಪ್ರಮಾಣ.

ಆದರೆ ರಾಯರು ಅಲ್ಲಿಗೆ ನಿಲ್ಲುವುದಿಲ್ಲ. "ಈ ಗೊಟ್ಟದಿಂದ ಆಯಿತು, ನೀವೂ ಕೊಳ್ಳಿ" ಎಂದು ನೆರೆಮನೆಯವರಿಗೆ ಹೇಳುತ್ತಾರೆ. ನೆರೆಮನೆಯವರು ಸಂಬಳದ ಹಣದಲ್ಲಿ ಅದಕ್ಕೆಂದು ಎತ್ತಿಡುತ್ತಾರೆ. ಆ ಗಳಿಗೆಯಲ್ಲಿ ಅನುಭವ ಸಾಕ್ಷ್ಯವಾಗುತ್ತದೆ. ಅನುಭವ ಅನುಭವಿಸಿದವನ ಸ್ವಂತ ಆಸ್ತಿ; ಸಾಕ್ಷ್ಯದಲ್ಲಿ ಕೇಳುವವನಿಗೂ ಪಾಲಿದೆ. ನೈಯಾಯಿಕರು ಶಬ್ದವನ್ನೂ, ಎಂದರೆ ಆಪ್ತನ ಮಾತನ್ನೂ ಪ್ರಮಾಣವೆಂದು ಒಪ್ಪಿದರು. ಆಪ್ತನೆಂದರೆ ಯಾರು? ವಿಷಯವನ್ನು ಇದ್ದಂತೆ ಅರಿತಿರಬೇಕು, ಅರಿತದ್ದನ್ನು ಇದ್ದಂತೆ ಹೇಳುವ ಮನಸ್ಸಿರಬೇಕು. ರಾಯರಲ್ಲಿ ಎರಡನೆಯ ಗುಣ ತುಂಬಿದೆ. ಅದರಿಂದಲೇ ಅವರ ಮಾತಿಗೆ ಬೆಲೆ. ಬೆಲೆಯಿರುವುದರಿಂದಲೇ ಮೊದಲನೆಯ ಗುಣವನ್ನು ಸಂಪಾದಿಸುವ ಹೊಣೆಯೂ ಅವರ ಮೇಲಿದೆ. ಸುಳ್ಳನ ಮಾತಿನಿಂದ ಮೋಸಹೋಗುವವರು ಕೆಲವರು. ಸಜ್ಜನನ ತಪ್ಪು ಮಾತಿನಿಂದ ಮೋಸಹೋಗುವವರು ಹಲವರು. ಪ್ರಾಮಾಣಿಕ ಎಂಬ ಬಿರುದು ಬಾಯಿಗೆ ಮಾತ್ರ ಸಲ್ಲುವುದಲ್ಲ, ಕಿವಿಗೂ ಸಲ್ಲಬೇಕು.

ಭಾವಮೈದುನನನ್ನೂ ಸುಮ್ಮನೆ ಬಿಡುವಂತಿಲ್ಲ. ಅವನೂ ಪರೀಕ್ಷಿಸಲಿಲ್ಲ, ನಕ್ಕನು. ಪರೀಕ್ಷೆಯಿಲ್ಲದ ನಂಬಿಕೆಯಂತೆ ಪರೀಕ್ಷೆಯಿಲ್ಲದ ನಗೆಯೂ ಒಂದು ಸೋಮಾರಿತನ. ಕಲಿತ ವಿದ್ಯೆಗೆ ಅವನು ತೋರಿಸಬೇಕಾಗಿದ್ದ ಗೌರವ ಬೇರೆಯೇ ಇತ್ತು: "ಭಾವ, ಬನ್ನಿ, ವಾಲ್ವನ್ನು ತಟ್ಟಿ ನೋಡೋಣ" ಎನ್ನಬೇಕಾಗಿತ್ತು. ಸೀಸದಕಡ್ಡಿಗೆ ಕಾಸಿನ ಖರ್ಚಿಲ್ಲ. ಗಾಜು ಸುಡುವಷ್ಟು ಬಿಸಿಯಿರುತ್ತದೆಂಬ ಎಚ್ಚರವೊಂದಿದ್ದರೆ ಸಾಕು. ಜೋರಾಗಿ ಠಣ್ಣೆನ್ನುವ ವಾಲ್ವನ್ನು ಬದಲಾಯಿಸುವುದು, ಸ್ಪೀಕರನ್ನು ಆಂಪ್ಲಿಫೈಯರಿನ ಹಲಗೆಯಿಂದ ಇಳಿಸಿ ಬೇರೆ ಆಸರೆಯ ಮೇಲಿಡುವುದು, ಮರದ ಮಹಡಿಯ ಮನೆಯಲ್ಲಿ ಗ್ರಾಮಫೋನಿಗೆ ಗೋಡೆಗೆ ಬಿಗಿದ ಹಲಗೆಯೊಂದನ್ನು ಮಾಡಿಸುವುದು, ಇವು ಬಡಗಿಯ ಒಂದು ದಿನದ ಕೆಲಸ. ಇಷ್ಟು ಮಾಡಿದ ಮೇಲೂ ಗೊಟ್ಟಗಳು ಬೇಕೆನಿಸಿದರೆ ಪರೀಕ್ಷಿಸಿಯೇ ಕೊಳ್ಳಬಹುದು. ಅದಿರಾಟವನ್ನು ಪೂರ್ತಿ ನೀಗಿದ ಮನೆ ಭೂಮಿಯ ಮೇಲೆ ಇಲ್ಲ. ಅದನ್ನೇ ಹುಡುಕುತ್ತ ಕುಳಿತವನು ಹಾಡಿಗೆ ಕಿವಿಗೊಡುವುದನ್ನು ಮರೆತು ಮೇಜಿಗೆ ಕಿವಿಗೊಡುತ್ತಾನೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರ ಗಾದೆ. ಕಂಡದ್ದನ್ನು ಅಲ್ಲಗಳೆ ಎಂದು ಅದು ಹೇಳುವುದಿಲ್ಲ. ಕಂಡವನನ್ನು ಸುಳ್ಳುಗಾರನೆನ್ನುವುದೂ ಇಲ್ಲ. ಕಂಡಿದ್ದೇನೆಂದು ಒಪ್ಪಿಕೊಂಡೇ, ಇನ್ನೊಮ್ಮೆ ನೋಡೆನ್ನುತ್ತದೆ. ಸಂಶಯವೂ ಸ್ನೇಹವೂ ಒಟ್ಟಿಗೆ ಇರಬಹುದೆಂಬ ವಿವೇಕ ಆ ಮಾತಿನಲ್ಲಿದೆ. ನಮ್ಮ ಸಂಸಾರಗಳಲ್ಲಿ, ಊರಿನ ನ್ಯಾಯಗಳಲ್ಲಿ, ದೇಶದ ದೊಡ್ಡ ವಾದಗಳಲ್ಲಿ "ನನ್ನ ಮಾತನ್ನು ನಂಬುವುದಿಲ್ಲವೆ?" ಎಂಬ ನೋವಿನ ಪ್ರಶ್ನೆ ಎದ್ದಾಗಲೆಲ್ಲ ಕೊಡಬಹುದಾದ ಉತ್ತರವೂ ಅದೇ: "ನಿಮ್ಮನ್ನು ನಂಬುತ್ತೇನೆ, ಆದ್ದರಿಂದಲೇ, ಬನ್ನಿ, ಇಬ್ಬರೂ ಕೂಡಿ ಇನ್ನೊಮ್ಮೆ ಕೇಳೋಣ."